ನೀರೊಲೆ ಆರಿದ ಮೇಲೆ

ನಮ್ಮ ಕುಣಿಗಲ್ ಸೀಮೆಯಲ್ಲಿ ಈಗ ಯಾವ ಮನೆಯ ಅಡುಗೆಮನೆಗೆ ಹೋದರೂ ಗ್ಯಾಸ್ ಒಲೆ ಇದೆ. ಬಚ್ಚಲ ಕಡೆ ಹೋಗಿ ನೋಡಿ, ನೀರೊಲೆ ಇನ್ನೂ ಉರಿಯುತ್ತಲೇ ಇದೆ. ಸೌದೆಗೆ ದುಡ್ಡು ಕೊಡಬೇಕಾಗಿಲ್ಲವಲ್ಲ. ತೋಟದಲ್ಲಿ ಗರಿ ಬೀಳುತ್ತದೆ, ಕಾಯಿ ಸುಲಿದ ಮಟ್ಟೆ ರಾಶಿ ಬಿದ್ದಿರುತ್ತದೆ, ಕೊಬ್ಬರಿ ಒಡೆದ ಮನೆಯಲ್ಲಿ ಚಿಪ್ಪು ಮೂಟೆಗಟ್ಟಲೆ. ಮನೆ ತುಂಬ ಜನ ಇದ್ದರೆ ಬೆಳಗಾದರೆ ಒಂದು ಹಂಡೆ ಬಿಸಿನೀರು ಬೇಕೇ ಬೇಕು. ಗೀಸರ್ ಹಾಕಿಸಿದವರೂ ಕರೆಂಟ್ ಹೋದ ದಿನಕ್ಕೆ ಇರಲಿ ಅಂತ ಹಂಡೆ ಒಲೆ ಉಳಿಸಿಕೊಂಡಿರುತ್ತಾರೆ.

ಈ ಒಲೆ ಹಚ್ಚುವುದರಲ್ಲಿ ಎಲ್ಲರೂ ಪಂಡಿತರೇ. ಗರಿ ಹೇಗೆ ಮಡಚಬೇಕು, ಮಟ್ಟೆ ಯಾವಾಗ ತುರುಕಬೇಕು, ಮಳೆಗಾಲದಲ್ಲಿ ಯಾವ ಸೌದೆ ಬೇಗ ಹತ್ತುತ್ತದೆ, ಎಲ್ಲ ಗೊತ್ತು. ಕ್ಲೀನ್ ಮಾಡುವ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಅದು ಅಮ್ಮನ ಕೆಲಸ, ಇಲ್ಲವೇ ಅತ್ತಿಗೆಯ ಕೆಲಸ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆ ಬಾಯಿಗೆ ತಲೆ ಹಾಕಿ, ಬೂದಿ ಬಾಚಿ ತಿಪ್ಪೆಗೆ ಸುರಿದು ಬರುತ್ತಾರೆ. ಒಲೆ ಉರಿಯುವಾಗ ಮನೆಯವರೆಲ್ಲ ಹುಷಾರಾಗಿರುತ್ತಾರೆ. ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಆರಿದ ಮೇಲೆ ಯಾರಿಗೂ ಭಯವಿಲ್ಲ. ನನಗೆ ಮಾತ್ರ ಈ ಆರಿದ ಒಲೆಯ ಮೇಲೇ ಜಾಸ್ತಿ ಭಯ.

ಮೊದಲು ಬೂದಿಯ ವಿಷಯ ಹೇಳುತ್ತೇನೆ.

ಕೆಂಡದ ಮೇಲೆ ಬೂದಿ ಕೂತರೆ ಅದು ಆರುವುದಿಲ್ಲ, ಇನ್ನೂ ಹೆಚ್ಚು ಹೊತ್ತು ಬದುಕುತ್ತದೆ. ಬೂದಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಗಾಳಿಯನ್ನು ಒಳಗೆ ಜಾಸ್ತಿ ಬಿಡುವುದಿಲ್ಲ. ಹಾಗಾಗಿ ಕೆಂಡ ನಿಧಾನವಾಗಿ, ಹೊಗೆಯಿಲ್ಲದೆ, ಒಳಗೊಳಗೇ ಉರಿಯುತ್ತಿರುತ್ತದೆ. ಅಜ್ಜಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟು, ಬೆಳಗ್ಗೆ ಅದನ್ನೇ ಕೆದಕಿ ಊದಿ ಒಲೆ ಹಚ್ಚುತ್ತಿದ್ದರು. ಬೆಂಕಿಪೊಟ್ಟಣದ ಖರ್ಚೇ ಇರಲಿಲ್ಲ. ಅದೇ ಗುಣ ಬೂದಿ ಬಾಚುವವರ ಪಾಲಿಗೆ ಅಪಾಯ. ಗರಿಯ ಬೂದಿ ಬೇಗ ತಣ್ಣಗಾಗುತ್ತದೆ. ಹುಣಸೆ, ಜಾಲಿ, ಚಿಪ್ಪು ಸುಟ್ಟ ಬೂದಿ ಹಾಗಲ್ಲ. ದಪ್ಪಗೆ ಗುಡ್ಡೆಯಾಗಿ ಬಿದ್ದ ಬೂದಿಯೊಳಗೆ ಕೆಂಡ ಮೂರು ನಾಲ್ಕು ದಿನದವರೆಗೂ ಜೀವ ಹಿಡಿದಿರಬಹುದು. ಮೇಲೆ ಕೈ ಇಟ್ಟು ನೋಡಿದರೆ ತಣ್ಣಗೇ ಇರುತ್ತದೆ.

ಆ ಬೂದಿ ಹೋಗುವುದು ಎಲ್ಲಿಗೆ? ತಿಪ್ಪೆಗೆ. ತಿಪ್ಪೆ ಇರುವುದು ಎಲ್ಲಿ? ಹೆಚ್ಚಿನ ಮನೆಗಳಲ್ಲಿ ಹಿತ್ತಿಲಲ್ಲಿ, ರಾಗಿ ಹುಲ್ಲಿನ ಬಣವೆಯ ಪಕ್ಕದಲ್ಲೇ. ನಮ್ಮೂರಲ್ಲಿ ಒಂದು ಬೇಸಿಗೆ ಹೀಗೇ ಆಯಿತು. ಬೆಳಗ್ಗೆ ಸುರಿದ ಬೂದಿ. ಮಧ್ಯಾಹ್ನ ಗಾಳಿ ಎದ್ದಿತು. ಮೇಲಿನ ಬೂದಿ ಹಾರಿ ಕೆಂಡ ಬಯಲಾಯಿತು. ತಿಪ್ಪೆಯ ಒಣ ಕಸ ಹತ್ತಿಕೊಂಡಿತು, ಅಲ್ಲಿಂದ ಬಣವೆಗೆ. ಕೊಡ, ಬಿಂದಿಗೆ, ಪಂಪ್‌ಸೆಟ್ಟಿನ ಪೈಪು ಹಿಡಿದು ಊರೇ ಓಡಿತು. ದನ ಬಿಚ್ಚಿ ಹೊಡೆದದ್ದರಿಂದ ದನ ಉಳಿದವು. ಹುಲ್ಲು ಪೂರ್ತಿ ಹೋಯಿತು. ಆಮೇಲೆ ಊರಿನವರೆಲ್ಲ ಬೀಡಿ ಸೇದುವವರನ್ನು ಬೈದುಕೊಂಡರು. ಬೂದಿ ಸುರಿದ ಮನೆಯ ಹೆಂಗಸು ತಾನೇ ಬಂದು ಹೇಳುವವರೆಗೆ ಬೂದಿಯ ಕಡೆ ಯಾರ ಯೋಚನೆಯೂ ಹೋಗಿರಲಿಲ್ಲ.

ನಮ್ಮ ಮನೆಯಲ್ಲಿ ಈಗ ಬೂದಿಗೆ ಅಂತಲೇ ಒಂದು ಹಳೇ ಕಬ್ಬಿಣದ ಡ್ರಮ್ಮು ಇದೆ. ಅದಕ್ಕೆ ತಗಡಿನ ಮುಚ್ಚಳ. ಕಲ್ಲು ಚಪ್ಪಡಿಯ ಮೇಲೆ, ಗೋಡೆಗೆ ತಾಗದ ಹಾಗೆ, ಬಣವೆಯಿಂದ ದೂರ. ಕಬ್ಬಿಣದ ಬಾಂಡ್ಲಿಯಲ್ಲಿ ಬಾಚಿದ ಬೂದಿ ನೇರ ಅದಕ್ಕೆ. ಒಂದು ವಾರ ಅಲ್ಲೇ ಇದ್ದು ಆಮೇಲೆ ತೋಟಕ್ಕೆ. ಪ್ಲಾಸ್ಟಿಕ್ ಬಕೆಟ್ಟು, ಗೊಬ್ಬರದ ಚೀಲ, ರಟ್ಟಿನ ಡಬ್ಬ, ಇವನ್ನು ಬೂದಿಯ ಹತ್ತಿರಕ್ಕೂ ಬಿಡುವುದಿಲ್ಲ.

ಕೆಲವರು ಒಂದು ತಂಬಿಗೆ ನೀರು ಹುಯ್ದರೆ ಆಯ್ತಲ್ಲ ಅನ್ನುತ್ತಾರೆ. ಬಿಸಿ ಒಲೆಗೆ ನೀರು ಹುಯ್ಯಬೇಡಿ. ಭುಸ್ ಅಂತ ಏಳುವ ಆವಿ ಮುಖ ಸುಡುತ್ತದೆ. ಜೊತೆಗೆ ಬಿಸಿ ಬೂದಿ ಕಣ್ಣಿಗೆ ಎರಚುತ್ತದೆ. ಕಾದ ಕಲ್ಲು, ಇಟ್ಟಿಗೆ ಒಮ್ಮೆಲೇ ತಣ್ಣಗಾಗಿ ಬಿರುಕು ಬಿಡುತ್ತವೆ. ಆ ಬಿರುಕಿನಿಂದಲೇ ನಾಳೆ ಹೊಗೆ ಬಚ್ಚಲ ಒಳಗೆ ಬರುತ್ತದೆ. ಒಲೆ ತಾನಾಗಿಯೇ ತಣ್ಣಗಾಗಲಿ. ಪೂರ್ತಿ ತಣ್ಣಗಾದ ಮೇಲೆ ಬಾಚುವ ಮುಂಚೆ ಕೈಯಲ್ಲಿ ಸ್ವಲ್ಪ ನೀರು ಚಿಮುಕಿಸಿದರೆ ದೂಳು ಏಳುವುದಿಲ್ಲ. ಅಷ್ಟು ಸಾಕು.

ಇಲ್ಲೇ ದೀಪಾವಳಿಯ ಮಾತು ಹೇಳಬೇಕು. ವರ್ಷಕ್ಕೊಮ್ಮೆ ಒಲೆಯನ್ನು ಬುಡಸಮೇತ ತೊಳೆಯುವುದು ನಮ್ಮಲ್ಲಿ ನೀರು ತುಂಬುವ ಹಬ್ಬಕ್ಕೇ. ತ್ರಯೋದಶಿಯ ಸಂಜೆಗೆ ಹಂಡೆ ಫಳಫಳ ಹೊಳೆಯಬೇಕು. ಹುಣಸೆಹಣ್ಣು ಹಾಕಿ ಉಜ್ಜಬೇಕು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯಬೇಕು, ಹೂವು ಸುತ್ತಬೇಕು, ಹೊಸ ನೀರು ತುಂಬಬೇಕು. ಬಹಳ ಚೆಂದದ ಹಬ್ಬ. ವರ್ಷವಿಡೀ ಕಪ್ಪಗೆ ಕೂತು ದುಡಿದ ಹಂಡೆಗೂ ಒಂದು ದಿನ ಪೂಜೆ ಅಂದರೆ ನನಗೆ ಈಗಲೂ ಖುಷಿಯಾಗುತ್ತದೆ. ಕಷ್ಟ ಇರುವುದು ಅವಸರದಲ್ಲಿ. ಅವತ್ತು ಬೆಳಗ್ಗೆಯೂ ಎಲ್ಲರ ಸ್ನಾನಕ್ಕೆ ಒಲೆ ಉರಿದಿರುತ್ತದೆ. ಮಧ್ಯಾಹ್ನಕ್ಕೆ ಬೂದಿ ತೆಗೆದು, ಹಂಡೆ ಇಳಿಸಿ, ಒಲೆ ಸಾರಿಸಬೇಕು. ಕೆಂಡ ಆರಲು ಸಮಯವೇ ಇಲ್ಲ. ಮರುದಿನ ನರಕ ಚತುರ್ದಶಿ. ಬೆಳಗಿನ ಜಾವಕ್ಕೇ ಎದ್ದು ಎಣ್ಣೆ ಹಚ್ಚಿಕೊಂಡು ಮನೆಮಂದಿಯೆಲ್ಲ ಎರೆದುಕೊಳ್ಳಬೇಕು, ವರ್ಷದಲ್ಲೇ ದೊಡ್ಡ ಉರಿ ಬೀಳುವುದು ಅವತ್ತು. ಹೊಗೆ ಕೊಳವೆ ಕಟ್ಟಿಕೊಂಡಿದ್ದರೆ ಅದು ಗೊತ್ತಾಗುವುದೂ ಅವತ್ತೇ, ಕತ್ತಲಲ್ಲಿ, ಮಕ್ಕಳು ಎಣ್ಣೆ ಸುರಿಸಿಕೊಂಡು ಕೂತಿರುವಾಗ.

ಅದಕ್ಕೇ ನಾವು ಒಲೆಯ ಕೆಲಸವನ್ನು ಹಬ್ಬದಿಂದ ಬೇರೆ ಮಾಡಿದೆವು. ಹಂಡೆಯ ಅಲಂಕಾರ ತ್ರಯೋದಶಿಗೇ. ಒಲೆ, ಕೊಳವೆ ಕ್ಲೀನ್ ಮಾಡುವುದು ಅದಕ್ಕೂ ಮುಂಚಿನ ಭಾನುವಾರ. ಹಿಂದಿನ ಎರಡು ದಿನ ಒಲೆ ಹಚ್ಚುವುದಿಲ್ಲ. ಅಷ್ಟು ದಿನ ಗ್ಯಾಸಿನಲ್ಲೇ ಒಂದೊಂದು ಪಾತ್ರೆ ನೀರು ಕಾಯಿಸಿಕೊಳ್ಳುತ್ತೇವೆ. ಅಮ್ಮನಿಗೆ ಮೊದಲು ಇದು ಸರಿಬರಲಿಲ್ಲ. ಒಲೆ ಉರಿಯದ ಮನೆ ಅಂದರೆ ಅವರಿಗೆ ಒಂಥರಾ. ಈಗ ಅವರೇ ದಿನ ನೆನಪಿಸುತ್ತಾರೆ.

ಬೂದಿಗಿಂತ ಕಷ್ಟದ್ದು ಮಸಿ. ಸೌದೆ ಚೆನ್ನಾಗಿ ಉರಿಯದಿದ್ದರೆ ಅರ್ಧ ಸುಟ್ಟ ಎಣ್ಣೆ, ರಾಳದ ಅಂಶವೆಲ್ಲ ಹೊಗೆಯ ಜೊತೆ ಮೇಲೆ ಹೋಗುತ್ತದೆ. ಕೊಳವೆಯ ತಣ್ಣನೆ ಗೋಡೆ ಸಿಕ್ಕಿದ ಕೂಡಲೇ ಅಲ್ಲೇ ಅಂಟಿಕೊಳ್ಳುತ್ತದೆ. ಹಸಿ ಸೌದೆ, ಮಳೆಯಲ್ಲಿ ನೆನೆದ ಮಟ್ಟೆ ಹಾಕಿದರೆ ಇದು ಜಾಸ್ತಿ. ಬೇಗ ಹತ್ತಲಿ ಅಂತ ಟೈರಿನ ಚೂರು, ಪ್ಲಾಸ್ಟಿಕ್ ಕವರು ಹಾಕುವವರಿದ್ದಾರೆ. ಅಂಥ ಒಲೆಯ ಮಸಿ ಜಿಡ್ಡುಜಿಡ್ಡಾಗಿರುತ್ತದೆ, ಹೊಗೆಯೂ ವಿಷ. ದಯವಿಟ್ಟು ಬೇಡ.

ಕೊಳವೆಯ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರೆ ಮಸಿಯ ಜಾತಿ ತಿಳಿಯುತ್ತದೆ. ಒಂದು ಮೃದುವಾದ ಪುಡಿ, ಬೆರಳು ತಾಗಿಸಿದರೆ ಉದುರುತ್ತದೆ. ಅದು ಪೊರಕೆಗೆ ಬರುತ್ತದೆ. ಎರಡನೆಯದು ಚಕ್ಕೆಚಕ್ಕೆ, ಕೆರೆದರೆ ಕರಕರ ಅನ್ನುತ್ತದೆ. ಮೂರನೆಯದು ಡಾಂಬರು ಬಳಿದ ಹಾಗೆ ನುಣ್ಣಗೆ, ಹೊಳೆಯುತ್ತಾ, ಉಗುರು ಊರಿದರೂ ಏಳದೆ ಕೂತಿರುತ್ತದೆ. ಈ ಮೂರನೆಯದೇ ಅಪಾಯದ್ದು, ಅದೇ ಒಂದು ಇಂಧನ. ದೊಡ್ಡ ಉರಿ ಬಿದ್ದ ದಿನ ಕಿಡಿ ತಾಗಿ ಕೊಳವೆಯೊಳಗೇ ಬೆಂಕಿ ಹತ್ತಬಹುದು. ಮನೆಯೊಳಗೆ ಬೆಂಕಿಗೂಡು ಇಟ್ಟುಕೊಳ್ಳುವ ಚಳಿ ದೇಶಗಳಲ್ಲಿ ಇದನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ಅಮೆರಿಕದ ಎನ್‌ಎಫ್‌ಪಿಎ 211 ಅನ್ನುವ ಸುರಕ್ಷತಾ ನಿಯಮದ ಪ್ರಕಾರ ಚಿಮಣಿಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು. ಮಸಿ ಸುಮಾರು 3 ಮಿಲಿಮೀಟರ್ ದಪ್ಪ ಆಯಿತೆಂದರೆ ತೆಗೆಯಲೇಬೇಕು ಅನ್ನುವುದು ಅಲ್ಲಿನ ರೂಢಿ. ನಮ್ಮ ನೀರೊಲೆ ವರ್ಷವಿಡೀ ಉರಿಯುತ್ತದೆ. ಹಾಗಾಗಿ ವರ್ಷಕ್ಕೊಂದು ಸಲ ಸಾಲದು. ತಿಂಗಳಿಗೊಮ್ಮೆ ಕೊಳವೆ ತಟ್ಟಿ, ಬುಡದಲ್ಲಿ ಬಿದ್ದ ಮಸಿ ತೆಗೆಯುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಕೊಳವೆ ಅಂದಾಗ ನಮ್ಮ ಜಿಲ್ಲೆಯವರು ಹೆಮ್ಮೆಪಡಬೇಕಾದ ಒಂದು ವಿಷಯ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನುವ ವಿಭಾಗ ಶುರು ಮಾಡಿದರು. ವಿಜ್ಞಾನ ಹಳ್ಳಿಗೆ ಉಪಯೋಗಕ್ಕೆ ಬರಬೇಕು ಅನ್ನುವುದು ಅದರ ಗುರಿ. ಅವರು ಹಳ್ಳಿಯ ಕೇಂದ್ರ ಮಾಡಿಕೊಂಡದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. 1980ರ ದಶಕದಲ್ಲಿ ಮನೆಮನೆಗೆ ಬಂದ ಅಸ್ತ್ರ ಒಲೆ ಆ ವಿಭಾಗದ ಕೆಲಸ. ಒಂದೇ ಉರಿಯಲ್ಲಿ ಮೂರು ಪಾತ್ರೆ ಕೂರಿಸಬಹುದು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಹೊಗೆಯಲ್ಲಿ ಕಣ್ಣೀರು ಸುರಿಸುತ್ತಾ ಅಡುಗೆ ಮಾಡುತ್ತಿದ್ದ ಹೆಂಗಸರಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ಅಂಥ ಅಡುಗೆಮನೆಯಲ್ಲಿ ಬೆಳೆದವರಿಗೇ ಗೊತ್ತು. ಆದರೆ ಕೊಳವೆ ಇರುವ ಒಲೆ ಅಂದರೆ ಕೊಳವೆಯನ್ನು ನೋಡಿಕೊಳ್ಳಬೇಕಾದ ಒಲೆ. ಎಷ್ಟೋ ಮನೆಗಳಲ್ಲಿ ಮಸಿ ಕಟ್ಟಿ ಹೊಗೆ ವಾಪಸ್ ಬರುವುದಕ್ಕೆ ಶುರುವಾದಾಗ ಕೊಳವೆ ಶುಚಿ ಮಾಡುವ ಬದಲು ಒಲೆಯನ್ನೇ ಒಡೆದು ಹಾಕಿದರು. ಅದನ್ನು ನೆನೆದರೆ ನನಗೆ ಬೇಜಾರಾಗುತ್ತದೆ.

ಇನ್ನೊಂದು ಮಾತು. ಆ ಕಾಲದ ಹೊಗೆ ಕೊಳವೆಗಳು ಬಹಳ ಕಡೆ ಆಸ್ಬೆಸ್ಟಾಸ್ ಸಿಮೆಂಟಿನವು. ಬಚ್ಚಲಿನ ಮೇಲೆ ಇವತ್ತಿಗೂ ಅವೇ ಬೂದು ಬಣ್ಣದ ಪೈಪುಗಳು ನಿಂತಿರುತ್ತವೆ. ಸುಮ್ನೆ ನಿಂತಿದ್ದರೆ ತೊಂದರೆ ಕಡಿಮೆ. ತಂತಿ ಬ್ರಷ್ಷಿನಲ್ಲಿ ಒಣಗಿದ್ದಾಗ ಗಸಗಸ ಉಜ್ಜಿದರೆ, ಗರಗಸದಲ್ಲಿ ಕೊಯ್ದರೆ, ಸುತ್ತಿಗೆಯಲ್ಲಿ ಒಡೆದರೆ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬರುತ್ತವೆ. ಅವು ಶ್ವಾಸಕೋಶದಲ್ಲಿ ಕೂತು ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ತರಬಲ್ಲವು. ಅಂಥ ಪೈಪು ಇದ್ದರೆ ಒಳಗೆ ತೇವ ಮಾಡಿ ಮೃದುವಾಗಿ ಒರೆಸಿ. ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ನಾವು ಈಗ ದಪ್ಪ ಜಿಐ ಪೈಪು ಹಾಕಿಸಿದ್ದೇವೆ. ಬುಡದಲ್ಲಿ ಮುಚ್ಚಳ ಇರುವ ಒಂದು 'ಟಿ' ಜೋಡಿಸಿ ಅಂತ ಗಾರೆಯವರಿಗೆ ಹೇಳಿದೆ. ಅದರಿಂದ ಏಣಿ ಹತ್ತುವ ಕೆಲಸವೇ ಬಹುಪಾಲು ತಪ್ಪಿತು. ಮುಚ್ಚಳ ತೆಗೆದು, ಉದ್ದ ಬಿದಿರು ಗಳದ ತುದಿಗೆ ತೆಂಗಿನ ನಾರು ಬಿಗಿದು ಕಟ್ಟಿ, ಕೆಳಗಿನಿಂದಲೇ ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಮಸಿ ಉದುರುತ್ತದೆ. ಗಳ ಮೇಲೆ ಹೊರಗೆ ಬರುವ ಜಾಗದಲ್ಲಿ ಕರೆಂಟ್ ವೈರು ಇಲ್ಲ ತಾನೇ ಅಂತ ಮೊದಲೇ ನೋಡಿಕೊಳ್ಳಿ. ಮೇಲೆ ಹತ್ತಲೇಬೇಕಾದರೆ ಕೆಳಗೆ ಏಣಿ ಹಿಡಿಯುವವರು ಇರಲಿ. ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ. ನೋಡಲು ಗಟ್ಟಿ, ಒಂದೇ ಏಟಿಗೆ ಮುರಿದು ಮನುಷ್ಯ ಒಳಗೆ ಬೀಳುತ್ತಾನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಉಂಡೆ ಕೊಬ್ಬರಿಗೆ ಅಂತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಒಣಗಲು ಬಿಡುತ್ತಾರೆ. ಒಣ ನಾರು, ಒಳಗೆ ಎಣ್ಣೆ ತುಂಬಿದ ಕೊಬ್ಬರಿ. ಇಡೀ ವರ್ಷದ ದುಡಿಮೆ ಅಲ್ಲಿ ಮಲಗಿರುತ್ತದೆ. ಹೊಗೆ ಕೊಳವೆ ಆ ಅಟ್ಟದ ಮೂಲಕ ಹಾದುಹೋಗಬಾರದು. ಹೋಗಿದ್ದರೆ ಅದಕ್ಕೂ ಕಾಯಿ ರಾಶಿಗೂ ನಡುವೆ ಧಾರಾಳ ಜಾಗ ಬಿಡಿಸಿ, ಕೊಳವೆಯ ಸುತ್ತ ಇಟ್ಟಿಗೆ ಕಟ್ಟಿಸಿ, ತೊಲೆಗಳ ಮೇಲೆ ಜೋತಾಡುವ ಇಲ್ಲಣ ಆಗಾಗ ಹೊಡೆಸಿ.

ಒಂದು ವೇಳೆ ಕೊಳವೆಯೊಳಗೆ ಬೆಂಕಿ ಹತ್ತಿದರೆ ಗೊರ್ರ್ ಅನ್ನುವ ಸದ್ದು ಬರುತ್ತದೆ, ಪೈಪು ಕೆಂಪಗಾಗುತ್ತದೆ, ಮೇಲಿನಿಂದ ಕಿಡಿ ಹಾರುತ್ತದೆ. ಆಗ ಕೊಳವೆಗೆ ನೀರು ಹುಯ್ಯಬೇಡಿ. ಆಗುವುದಾದರೆ ತಗಡಿನಿಂದ ಒಲೆಯ ಬಾಯಿ ಮುಚ್ಚಿ ಗಾಳಿ ತಡೆಯಿರಿ. ಎಲ್ಲರನ್ನೂ ಹೊರಗೆ ಕರೆದು 101 ಅಥವಾ 112ಕ್ಕೆ ಫೋನ್ ಮಾಡಿ. ಯಾರಾದರೊಬ್ಬರು ಬಣವೆಯ ಹತ್ತಿರ ನೀರಿಟ್ಟುಕೊಂಡು ನಿಂತಿರಲಿ.

ಈಗ ಒಲೆಗೆ ತಲೆ ಹಾಕುವವರ ಮಾತು. ಮಸಿ ಬರೀ ಕೊಳೆ ಅಲ್ಲ. ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಇದನ್ನು ಬರೆದಿಟ್ಟರು. ಅಲ್ಲಿ ಚಿಕ್ಕ ಹುಡುಗರನ್ನು ಚಿಮಣಿಯೊಳಗೆ ಹತ್ತಿಸಿ ಮಸಿ ಕೆರೆಸುತ್ತಿದ್ದರು. ಆ ಹುಡುಗರಿಗೆ ದೊಡ್ಡವರಾದ ಮೇಲೆ ವೃಷಣದ ಚೀಲದ ಚರ್ಮಕ್ಕೆ ಕ್ಯಾನ್ಸರ್ ಬರುತ್ತಿತ್ತು. ಮೈ ಸಂದಿಯಲ್ಲಿ ಮಸಿ ಕೂರುವುದೇ ಅದಕ್ಕೆ ಕಾರಣ ಅಂತ ಅವರು ಗುರುತಿಸಿದರು. ಕೆಲಸದಿಂದ ಕ್ಯಾನ್ಸರ್ ಬರಬಹುದು ಅಂತ ಲೋಕಕ್ಕೆ ಮೊದಲು ತಿಳಿದದ್ದು ಹೀಗೆ. ವರ್ಷಗಟ್ಟಲೆ ದಿನವಿಡೀ ಮಸಿಯಲ್ಲೇ ಇದ್ದವರ ಕಥೆ ಅದು, ನಮ್ಮ ಮನೆಯ ಕೆಲಸ ಅಷ್ಟು ದೊಡ್ಡದಲ್ಲ ನಿಜ. ಆದರೂ ನಲವತ್ತು ವರ್ಷದಿಂದ ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ಒಲೆ ಬಾಚಿದ ಅಮ್ಮನನ್ನು ನೋಡಿದಾಗ ನನಗೆ ಈ ಇತಿಹಾಸ ನೆನಪಾಗದೆ ಇರುವುದಿಲ್ಲ.

ಎನ್‌95 ಮಾಸ್ಕ್ ತಂದುಕೊಟ್ಟಾಗ ಅಮ್ಮ, "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಮಗಾ" ಅಂದರು. "ಇರ್ಲಿ ಹಾಕ್ಕೊಳಮ್ಮ, ನನಗೋಸ್ಕರ" ಅಂದೆ. ಕೆಲಸ ಮುಗಿಸಿ ಬಿಚ್ಚಿದಾಗ ಬಿಳೀ ಮಾಸ್ಕಿನ ಮೇಲೆ, ಮೂಗಿನ ಹೊಳ್ಳೆ ಇದ್ದ ಜಾಗದಲ್ಲಿ ಸರಿಯಾಗಿ, ಕಪ್ಪನೆ ಎರಡು ಗುಂಡು ಮಚ್ಚೆ. ಅಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದೆಲ್ಲ ನನ್ನೊಳಗೆ ಹೋಗ್ತಿತ್ತಾ?" ಅಂತ ಕೇಳಿದರು. ಅತ್ತಿಗೆ ಹೋಗಿ ಇನ್ನೂ ಒಂದು ಡಬ್ಬ ಮಾಸ್ಕ್ ತಂದಿಟ್ಟರು. ಈಗ ಬೂದಿ ಬಾಚುವುದು ಅಣ್ಣನೂ ನಾನೂ ಸರದಿಯ ಮೇಲೆ. ಅಮ್ಮ ದೂರ ಕೂತು, ಎಲ್ಲಿ ಬಿಟ್ಟಿರಿ ಅಂತ ಹೇಳುತ್ತಾರೆ.

ಮಾಸ್ಕಿನ ಜೊತೆ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ತುಂಬುತೋಳಿನ ಹಳೇ ಅಂಗಿ. ನೈಲಾನ್ ಸೀರೆ, ದುಪಟ್ಟಾ ಬೇಡ. ಬೂದಿ ಒದ್ದೆಯಾದರೆ ಕ್ಷಾರ, ಬೆರಳ ಸಂದಿಯಲ್ಲಿ ಚರ್ಮ ತಿನ್ನುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜದೆ ಹದಿನೈದು ನಿಮಿಷವಾದರೂ ಒಳ್ಳೇ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಕೈ ಸುಟ್ಟರೆ ತಣ್ಣೀರು ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟು, ಇಂಕು, ತುಪ್ಪ ಏನನ್ನೂ ಬಳಿಯಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದು ಬೂದಿ ಎಳೆಯುವವರೂ ಈಗ ಇದ್ದಾರೆ. ಒಂದು ಕೆಂಡ ಒಳಗೆ ಹೋದರೆ ಚೀಲ ಹತ್ತಿಕೊಳ್ಳುತ್ತದೆ. ಹತ್ತದಿದ್ದರೂ ಸಣ್ಣ ಮಸಿ ಹಿಂದಿನಿಂದ ಹೊರಗೆ ಬಂದು ಮನೆಯೆಲ್ಲ ಹರಡುತ್ತದೆ. ಕೆಲಸ ಆದಮೇಲೆ ಬಟ್ಟೆ ಬೇರೆ ನೆನೆಹಾಕಿ, ತಲೆಗೂ ನೀರು ಹಾಕಿಕೊಂಡು, ಆಮೇಲೆ ಊಟಕ್ಕೆ ಕೂರುವುದು. ಕೈ ಹಾಕುವ ಮುಂಚೆ ಒಲೆಯೊಳಗೆ ಟಾರ್ಚ್ ಬಿಟ್ಟು ನೋಡುವುದನ್ನು ಮರೆಯಬೇಡಿ. ಬೆಚ್ಚಗಿರುತ್ತದೆ ಅಂತ ಬೆಕ್ಕು ಮರಿ ಹಾಕಿರುತ್ತದೆ. ಸೌದೆಯ ಜೊತೆ ಚೇಳು ಬಂದಿರುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಂತಿ, ತೂಕಡಿಕೆ, ಆಮೇಲೆ ಎಚ್ಚರ ತಪ್ಪುವುದು. ಹೊಗೆ ಇಲ್ಲದಿದ್ದರೂ ಕೆಂಡದಿಂದ ಅದು ಬರುತ್ತಲೇ ಇರುತ್ತದೆ. ಕೊಳವೆ ಕಟ್ಟಿದ ಒಲೆ, ಬಾಗಿಲು ಹಾಕಿಕೊಂಡ ಬಚ್ಚಲು, ಇವೆರಡು ಸೇರಬಾರದು. ಹಳೇ ಮನೆಗಳಲ್ಲಿ ಒಲೆಯ ಬಾಯಿ ಹೊರಗೋಡೆಯ ಕಡೆಗೆ, ಹಂಡೆ ಮಾತ್ರ ಒಳಗೆ ಇಟ್ಟಿದ್ದು ಬಹಳ ಒಳ್ಳೇ ಏರ್ಪಾಡು. ಹೊಸದಾಗಿ ಕಟ್ಟಿಸುವವರು ಅದನ್ನೇ ಕೇಳಿ ಮಾಡಿಸಿಕೊಳ್ಳಿ.

ಬಾಣಂತಿ ಕೋಣೆಯ ವಿಷಯದಲ್ಲಂತೂ ನನ್ನ ಮನಸ್ಸು ಹಿಂಡಿದಂತಾಗುತ್ತದೆ. ಮಗುವಿಗೆ ಎರೆದ ಮೇಲೆ ಅದೇ ನೀರೊಲೆಯ ಕೆಂಡ ತೆಗೆದು ಸಾಂಬ್ರಾಣಿ ಹಾಕಿ ತಲೆಗೆ ಹೊಗೆ ಕೊಡುತ್ತಾರೆ. ಚಳಿಗಾಲದಲ್ಲಿ ಅಗ್ಗಿಷ್ಟಿಕೆಯನ್ನು ಮಂಚದ ಪಕ್ಕದಲ್ಲೇ ಬಿಟ್ಟು, ಗಾಳಿ ತಾಗಬಾರದು ಅಂತ ಕಿಟಕಿ ಬಾಗಿಲು ಎಲ್ಲ ಮುಚ್ಚುತ್ತಾರೆ. ಎಲ್ಲ ಪ್ರೀತಿಯಿಂದಲೇ. ಆದರೆ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಬಿಡಬೇಡಿ. ಬೆಚ್ಚಗಿರಲು ಕಂಬಳಿ ಇದೆ, ಟೋಪಿ ಇದೆ, ತಾಯಿಯ ಮೈ ಇದೆ.

ಬೂದಿ ತೋಟಕ್ಕೆ ಹೋಗುವಾಗ ಒಂದೆರಡು ವಿಷಯ. ಅದರಲ್ಲಿ ಪೊಟ್ಯಾಶ್ ಇದೆ, ಸುಣ್ಣದ ಅಂಶವೂ ಇದೆ. ತೆಂಗಿಗೆ ಪೊಟ್ಯಾಶ್ ಬೇಕು. ಪಾತಿಯಲ್ಲಿ ಬುಡಕ್ಕೆ ತಾಗದ ಹಾಗೆ ತೆಳುವಾಗಿ ಹರಡಿ ಮಣ್ಣು ಮುಚ್ಚಿ. ಯೂರಿಯಾ ಜೊತೆ ಕಲಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮಣ್ಣು ಮೊದಲೇ ಚೌಳಾಗಿದ್ದರೆ ಬೂದಿ ಬೇಡ. ಪ್ಲಾಸ್ಟಿಕ್ಕು, ಬಣ್ಣ ಬಳಿದ ಮರ ಸುಟ್ಟ ಬೂದಿ ಯಾವ ಗಿಡಕ್ಕೂ ಬೇಡ.

ಎಲ್ಲ ಜೋಡಿಸಿದ ಮೇಲೆ ನಾವು ಮೊದಲ ದಿನ ದೊಡ್ಡ ಉರಿ ಹಾಕುವುದಿಲ್ಲ. ಹಂಡೆಗೆ ನೀರು ತುಂಬಿ, ಎರಡು ಒಣ ಗರಿ ಮಾತ್ರ ಹಚ್ಚುತ್ತೇವೆ. ಒಬ್ಬರು ಒಲೆಯ ಹತ್ತಿರ, ಒಬ್ಬರು ಅಂಗಳದಲ್ಲಿ. ಅಂಗಳದವರು ಕೊಳವೆಯ ತುದಿಯಲ್ಲಿ ಹೊಗೆ ಬಂತಾ ಅಂತ ನೋಡಬೇಕು. ಒಲೆಯ ಹತ್ತಿರ ಇದ್ದವರು ಒಂದು ಊದುಬತ್ತಿ ಹಚ್ಚಿ ಕೊಳವೆಯ ಜೋಡಣೆ, ಗೋಡೆಯ ಬಿರುಕುಗಳ ಬಳಿ ಹಿಡಿಯುತ್ತಾರೆ. ಊದುಬತ್ತಿಯ ಹೊಗೆ ಅತ್ತಿತ್ತ ಎಳೆದಾಡಿದ ಕಡೆ ಮಣ್ಣು ಮೆತ್ತಬೇಕು. ಒಲೆಯ ಹೊಗೆ ಬಾಯಿಯ ಕಡೆಗೇ ವಾಪಸ್ ಬಂದರೆ ಕೊಳವೆಯಲ್ಲಿ ಇನ್ನೂ ಏನೋ ಸಿಕ್ಕಿಕೊಂಡಿದೆ ಅಂತಲೇ ಅರ್ಥ. ಹೆಚ್ಚಾಗಿ ಹಕ್ಕಿ ಗೂಡು, ಇಲ್ಲವೇ ತಿರುವಿನಲ್ಲಿ ಕೂತ ಮಸಿಯ ಗಡ್ಡೆ. ಅಂಥ ದಿನ ಗರಿ ಹೊರಗೆಳೆದು ಆರಿಸಿ, ಒಲೆ ತಣ್ಣಗಾಗಲು ಬಿಟ್ಟು, ಮರುದಿನ ಮತ್ತೆ ಗಳ ಹಿಡಿಯುತ್ತೇವೆ.